ಎಂಟು ವರ್ಷಗಳ ತರುವಾಯ

ಜೇನ್ ಆಸ್ಟೆನಳ ‘ಪರ್ಸ್ಯುಯೇಷನ್’ ಕಾದಂಬರಿಯಲ್ಲಿ ನಾವು ಪ್ರಣಯದೊಡನೆ ಇತಿಹಾಸವನ್ನೂ ಕಾಣುತ್ತೇವೆ. 1806ರಲ್ಲಿ ಆನ್ ಎಲಿಯಟ್ ಹಿರಿಯರ ಮಾತಿಗೆ ಮಣಿದು, ತಾನೊಲಿದ ನಿರ್ಧನ ನೌಕಾಧಿಕಾರಿ ವೆಂಟ್‌ವರ್ತನನ್ನು ತೊರೆಯುತ್ತಾಳೆ. ನೆಪೋಲಿಯನ್ನನೊಡನೆ ನಡೆದ ಯುದ್ಧದಲ್ಲಿ ಶತ್ರುನೌಕೆಗಳನ್ನು ಸೆರೆಹಿಡಿದವರಿಗೆ ಅವುಗಳ ಬೆಲೆಯಲ್ಲಿ ಪಾಲು ದೊರೆಯುತ್ತಿದ್ದಿತಷ್ಟೆ. 1814ರಲ್ಲಿ ಆತನು 25,000 ಪೌಂಡುಗಳ ಒಡೆಯನಾಗಿ ಹಿಂದಿರುಗುತ್ತಾನೆ. ಐಶ್ವರ್ಯ ಬಂದಿತು, ಮುನಿಸು ಹೋಗಲಿಲ್ಲ.

ಇವರ ಪುನರ್ಮಿಲನವನ್ನು ಆಸ್ಟೆನಳು 1816ರಲ್ಲಿ ಎರಡು ಬಾರಿ ಬರೆದಳು. ಮೊದಲ ಬರಹದಲ್ಲಿ, ಆನಳಿಗೆ ಅನ್ಯನೊಡನೆ ವಿವಾಹ ನಿಶ್ಚಯವಾಯಿತೇ ಎಂದು ವಿಚಾರಿಸಲು ವೆಂಟ್‌ವರ್ತನನ್ನು ಅವನ ಭಾವನೇ ಮುಂದೆ ನೂಕುತ್ತಾನೆ. ಇದು ಆಕೆಗೆ ಹಿಡಿಸಲಿಲ್ಲ. ಹೊಸ ಬರಹದಲ್ಲಿ ಸ್ತ್ರೀಪ್ರೇಮದ ಸ್ಥೈರ್ಯವನ್ನು ಕುರಿತು ಆನಳು ಆತನ ಮಿತ್ರನೊಡನೆ ವಾದಿಸುತ್ತಾಳೆ. ಬಳಿಯಲ್ಲೇ ಬರೆಯುತ್ತಿದ್ದ ವೆಂಟ್‌ವರ್ತನು ಅದನ್ನು ಕೇಳಿ, ಅವಳಿಗೊಂದು ಕಾಗದವನ್ನು ಬರೆದಿಟ್ಟು ಹೋಗುತ್ತಾನೆ. ತ್ಯಜಿಸಿದ ಹಾಳೆಗಳು ಬ್ರಿಟಿಷ್ ಲೈಬ್ರರಿಯಲ್ಲಿವೆ. 1817ರ ಜುಲೈಯಲ್ಲಿ ತೀರಿಕೊಂಡ ಆಸ್ಟೆನಳು ಗ್ರಂಥವು ಅಚ್ಚಾದುದನ್ನು ಕಾಣಲಿಲ್ಲ.