ಮರಳಿನ ಮೇಲೆ ಗಾಳಿಯ ಲೆಕ್ಕ

ಸೂರತ್ತಿನ ಡುಮಸ್ ಕಡಲತೀರದಲ್ಲಿ ಕಾರು ಹೂತುಹೋದ ಸುದ್ದಿ ಬಂದಾಗಲೆಲ್ಲ ಮಾತು ಎಂಜಿನ್ನಿನ ಬಲದ ಸುತ್ತಲೇ ಗಿರಕಿ ಹೊಡೆಯುತ್ತದೆ. ಟೈರಿನಲ್ಲಿ ಎಷ್ಟು ಗಾಳಿಯಿತ್ತು ಎಂದು ಕೇಳುವವರು ಕಡಿಮೆ. ಕೇಳುವವರೂ ‘ಗಾಳಿ ಇಳಿಸಿದರೆ ಟೈರ್ ಅಗಲವಾಗುತ್ತದೆ, ಅದಕ್ಕೇ ಹೂತುಹೋಗುವುದಿಲ್ಲ’ ಎಂದು ಮುಗಿಸಿಬಿಡುತ್ತಾರೆ. ಈ ಅರ್ಧ ತಿಳಿವಳಿಕೆಯೇ ಇಂದು ಎಲ್ಲ ಕಡೆ ಓಡಾಡುತ್ತಿದೆ.

ಡನ್‌ಲಪ್ 1888ರಲ್ಲಿ ಗಾಳಿ ಟೈರ್ ಮಾಡಿದ್ದು, ಮಿಷಲಿನ್ ಸೋದರರು 1895ರಲ್ಲಿ ಅದನ್ನು ಕಾರಿಗೆ ತೊಡಿಸಿದ್ದು ಹಳೆಯ ಕತೆ. ಮರಳಿನಲ್ಲಿ ಗಾಳಿ ಇಳಿಸುವ ಪಾಠ ಗಟ್ಟಿಯಾದದ್ದು 1920ರ ದಶಕದ ಕೊನೆಗೆ, ಬ್ರಿಟಿಷ್ ಸೇನಾಧಿಕಾರಿ ರಾಲ್ಫ್ ಬ್ಯಾಗ್ನಾಲ್ಡ್ ಫೋರ್ಡ್ ಕಾರುಗಳಲ್ಲಿ ಲಿಬಿಯಾ ಮರುಭೂಮಿಗೆ ಇಳಿದಾಗ. ಎರಡನೆಯ ಮಹಾಯುದ್ಧದ ಅಮೆರಿಕದ ‘ಡಕ್’ ಲಾರಿಯಲ್ಲಿ ಚಾಲಕ ಕೂತಲ್ಲಿಂದಲೇ ಗಾಳಿ ಏರಿಸಿ ಇಳಿಸಬಹುದಿತ್ತು. ಗಾಳಿ ಇಳಿಸುವ ಈ ರೂಢಿಗೆ ಶಾಸ್ತ್ರದ ಬೆನ್ನೆಲುಬು ಕೊಟ್ಟವರು ಎಂಜಿನಿಯರ್ ಎಂ. ಜಿ. ಬೆಕ್ಕರ್. 1956ರ ಅವರ ಗ್ರಂಥ ವಾಹನದಷ್ಟೇ ಗಂಭೀರವಾಗಿ ನೆಲವನ್ನೂ ಅಳೆಯಿತು. ನಂತರ ಬಂದ ಎಲ್ಲ ಒಳ್ಳೆಯ ಕೆಲಸ ಅಲ್ಲಿಂದಲೇ ಹೊರಟದ್ದೆಂಬುದು ನನ್ನ ಎಣಿಕೆ. ಲೆಕ್ಕ ಸರಳ. 1,600 ಕಿಲೋ ಗಾಡಿಯ ಒಂದು ಚಕ್ರಕ್ಕೆ 400 ಕಿಲೋ ಭಾರ. 32 ಪಿಎಸ್‌ಐ ಎಂದರೆ ಚದರ ಸೆಂಟಿಮೀಟರಿಗೆ ಸುಮಾರು 2.25 ಕಿಲೋ. ಟೈರಿನ ಸ್ವಂತ ಬಿಗುವನ್ನು ಬದಿಗಿಟ್ಟರೆ ಆ ಭಾರಕ್ಕೆ ಸುಮಾರು 180 ಚದರ ಸೆಂಟಿಮೀಟರ್ ನೆಲ ಬೇಕು. 16ಕ್ಕೆ ಇಳಿಸಿದರೆ ಅದು 360ರ ಹತ್ತಿರ. ಟೈರಿನ ಅಗಲ ಹೆಚ್ಚೇನೂ ಹಿಗ್ಗದು, ಹೆಚ್ಚಿದ್ದರಲ್ಲಿ ಬಹುಪಾಲು ಸೇರುವುದು ಉದ್ದಕ್ಕೆ. ಅಗಲವಷ್ಟೇ ಹೆಚ್ಚಿದ ಚಕ್ರ ಎದುರಿನ ಮರಳನ್ನು ಗುಡ್ಡೆಯಾಗಿ ದೂಡುತ್ತದೆ. ಉದ್ದಕ್ಕೆ ಊರಿದ ಚಕ್ರ ಬುಲ್ಡೋಜರಿನ ಪಟ್ಟಿಯಂತೆ ಮರಳಿನ ಮೇಲೆ ಹಾಸಿಕೊಂಡು ಸಾಗುತ್ತದೆ.

ನಮ್ಮ ತಲೆಮಾರಿಗೆ ಈ ಅನುಕೂಲ ಕೈಗೆ ಸಿಕ್ಕಿದ್ದು ರೇಡಿಯಲ್ ಟೈರಿನಿಂದ. ಹಳೆಯ ಜೀಪುಗಳ ದಪ್ಪ ನೈಲಾನ್ ಟೈರ್ ಗಾಳಿ ಬಿಟ್ಟರೂ ಸುಲಭವಾಗಿ ಬಾಗುತ್ತಿರಲಿಲ್ಲ. ನಾಲ್ಕು ಚಕ್ರದ ಎಳೆತದ ಗಾಡಿಗಳಾಗಿ 1985ರಲ್ಲಿ ಜಿಪ್ಸಿ, 2010ರಲ್ಲಿ ಥಾರ್ ಬಂದವು. ಬ್ಯಾಟರಿಗೆ ಸಿಕ್ಕಿಸುವ ಸಣ್ಣ ಕಂಪ್ರೆಸರ್ ಅಗ್ಗವಾಯಿತು. ಇಳಿಸಿದ ಗಾಳಿಯನ್ನು ಮತ್ತೆ ತುಂಬಿಕೊಳ್ಳುವ ದಾರಿ ಸಿಕ್ಕಿದ್ದು ನನ್ನ ದೃಷ್ಟಿಯಲ್ಲಿ ನಾಲ್ಕು ಚಕ್ರದ ಎಳೆತಕ್ಕಿಂತ ದೊಡ್ಡ ಬದಲಾವಣೆ. ಕಡಿಮೆ ಗಾಳಿಯಲ್ಲಿ ಟೈರ್ ಕಾದು ಸಿಡಿಯುವುದಿಲ್ಲವೇ ಎಂಬ ಆಕ್ಷೇಪವಿದೆ. ಡಾಂಬರಿನ ಮೇಲೆ ವೇಗವಾಗಿ ಹೋದರೆ ಖಂಡಿತ ಸಿಡಿದೀತು. ಪಕ್ಕದ ಗೋಡೆ ಪದೇ ಪದೇ ಮಡಚಿ ಬಿಸಿಯೇರುತ್ತದೆ. ತೀರಾ ಇಳಿಸಿ ಜೋರಾಗಿ ತಿರುಗಿಸಿದರೆ ಟೈರ್ ರಿಮ್ಮಿನಿಂದ ಕಳಚುವುದೂ ನಿಜ. ಇವೆರಡೂ ವೇಗ ತಗ್ಗಿಸಿ, ರಸ್ತೆಗೆ ಬಂದೊಡನೆ ಗಾಳಿ ತುಂಬಿಸಿ ಎನ್ನುತ್ತವೆಯೇ ಹೊರತು ಗಾಳಿ ಇಳಿಸಬೇಡಿ ಎನ್ನುವುದಿಲ್ಲ.

ಆದರೆ ‘ಮರಳಿಗೆ 18 ಪಿಎಸ್‌ಐ’ ಎಂಬ ಅಂಕಿಯನ್ನು ಅರಬ್ ದಿಬ್ಬಗಳಿಂದ ಎತ್ತಿ ಗುಜರಾತಿಗೆ ತರುವುದನ್ನು ಒಪ್ಪಲಾರೆ. ವಡೋದರಾ ಬಳಿಯ ಮಹಿ ನದಿಯ ಪಾತ್ರದಲ್ಲಿ, ಅಹಮದಾಬಾದ್ ಆಚೆಗಿನ ಸಾಬರಮತಿಯಲ್ಲಿ ಒಣ ಮರಳಿದೆ. ಅಲ್ಲಿ ಹಿಡಿತ ಕಣ ಕಣಕ್ಕೆ ಉಜ್ಜುವುದರಿಂದ, ಅಂದರೆ ಭಾರದಿಂದ ಬರುತ್ತದೆ. ಖಂಬಾತ್ ಕೊಲ್ಲಿಯ ಅಂಚಿನಲ್ಲಿ ತಾಪಿ, ನರ್ಮದೆಗಳು ತಂದ ನುಣುಪು ಹೂಳು ಬೆರೆತಿದೆ. ಅಲ್ಲಿನ ಹಿಡಿತ ಅಂಟಿನಿಂದ, ಅಂದರೆ ಟೈರ್ ಮುಟ್ಟುವ ನೆಲದ ವಿಸ್ತಾರದಿಂದ. ಜೊತೆಗೆ ದೇಶದಲ್ಲೇ ಅತಿ ದೊಡ್ಡ ಭರತ ಇಳಿತ ಈ ಕೊಲ್ಲಿಯದು. ನೀರು ಬಸಿದ ಮೇಲೆ ಗಟ್ಟಿ ಕಾಣುವ ತೀರ ಚಕ್ರದ ನಡುಕಕ್ಕೇ ಸಡಿಲಾಗಬಹುದು. ತೀರಕ್ಕೆ ವಾಹನ ಬಿಡಬೇಕೇ ಎಂಬುದು ಬೇರೆಯೇ ಪ್ರಶ್ನೆ. ಎಷ್ಟು ಗಾಳಿ ಎಂಬುದಕ್ಕೆ ರಕ್ಷಣೆಗೆ ಬರುವ ಟ್ರ್ಯಾಕ್ಟರಿಗಂತೂ ಉತ್ತರ ಬೇಕು. ವಡೋದರಾ ಬಳಿಯ ಲಿಮ್ಡಾ, ಹಾಲೋಲ್‌ಗಳಲ್ಲಿ, ಅಹಮದಾಬಾದ್ ಮಗ್ಗುಲಿನ ಸಾಣಂದದಲ್ಲಿ ಟೈರ್ ಕಾರ್ಖಾನೆಗಳಿವೆ. ಅಲ್ಲಿಂದ ಅರ್ಧ ದಿನದೊಳಗೆ ಅಳೆದು ನೋಡಲು ಮಹಿಯ ಮರಳೂ ಡುಮಸ್‌ನ ಹೂಳೂ ಸಿಗುತ್ತವೆ. ಕಾರಿನ ಬಾಗಿಲ ಚೌಕಟ್ಟಿನ ಚೀಟಿಯಲ್ಲಿ ಮಾತ್ರ ಇನ್ನೂ ಅರ್ಧ ಭಾರ, ಪೂರ್ಣ ಭಾರ ಎಂಬ ಎರಡೇ ಸಾಲು, ಎರಡೂ ರಸ್ತೆಯವು.