ಬಚ್ಚಲುಮನೆಯ ಬೂಷ್ಟು: ಉಜ್ಜಿದರೆ ಸಾಲದು, ಒಣಗಿಸಬೇಕು

ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ ಸೀಮೆಯ ಹಳೆಯ ಮನೆಗಳಲ್ಲಿ ಬಚ್ಚಲು ಎಂದರೆ ನೀರಿನ ಹಂಡೆ, ಅದರಡಿ ಸೌದೆಯ ಒಲೆ, ಹೊಗೆ ಹೋಗಲು ಗೋಡೆಯಲ್ಲೊಂದು ಕಿಂಡಿ. ಸ್ನಾನ ಮುಗಿದ ಮೇಲೂ ಉಳಿಯುತ್ತಿದ್ದ ಕೆಂಡದ ಕಾವಿಗೆ ಗೋಡೆ ಒಣಗುತ್ತಿತ್ತು. ಹಬ್ಬದ ಹೊತ್ತಿಗೆ ಬಳಿಯುತ್ತಿದ್ದ ಸುಣ್ಣದ ಕ್ಷಾರಗುಣವು ಬೂಷ್ಟು ಬೆಳೆಯಲು ಬಿಡುತ್ತಿರಲಿಲ್ಲ. ಇಂದು ಅದೇ ಊರುಗಳಲ್ಲಿ ಗೋಡೆಗೆ ಗೋಡೆ ತಾಗಿದಂತೆ ಮನೆಗಳು ಎದ್ದಿವೆ. ಒಲೆಯ ಜಾಗಕ್ಕೆ ಗೀಸರ್ ಬಂದಿದೆ, ಕಿಂಡಿ ಮಾಯವಾಗಿದೆ. ಹೀಗಾಗಿ ಚಾವಣಿಯ ಮೂಲೆಯಲ್ಲಿ, ಟೈಲ್ಸ್ ಸಂದುಗಳಲ್ಲಿ ಕಪ್ಪು ಚುಕ್ಕೆಗಳು ಕಾಣಿಸಿಕೊಳ್ಳುತ್ತವೆ.

ಕಾರಣವೇನು?

ಬೂಷ್ಟು ಒಂದು ಬಗೆಯ ಶಿಲೀಂಧ್ರ. ಅದರ ಸೂಕ್ಷ್ಮ ಬೀಜಾಣುಗಳು ಗಾಳಿಯಲ್ಲಿ ಸದಾ ಇರುತ್ತವೆ. ತೇವ ಸಿಕ್ಕಲ್ಲಿ ಬೇರೂರುತ್ತವೆ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಈ ಪ್ರದೇಶದಲ್ಲಿ ಮಳೆಗಾಲದ ಮುಂಜಾವು ತಂಪು. ಬಿಸಿನೀರಿನ ಆವಿ ತಣ್ಣನೆಯ ಗೋಡೆಗೆ ತಾಗಿ ಹನಿಗಟ್ಟುತ್ತದೆ. ಕೊಳವೆಬಾವಿಯ ಗಡಸು ನೀರಿನೊಂದಿಗೆ ಸೋಪು ಸೇರಿ ಉಂಟಾಗುವ ಬಿಳಿಯ ಜಿಡ್ಡೇ ಬೂಷ್ಟಿಗೆ ಆಹಾರ. ಮಳೆ ಜೋರಾಗುವ ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳಲ್ಲಿ ಕಾಟ ಹೆಚ್ಚು.

ಆರೋಗ್ಯಕ್ಕೆ ಅಪಾಯ

ಇದು ಕೇವಲ ಅಂದದ ಪ್ರಶ್ನೆಯಲ್ಲ. ತೇವ ಮತ್ತು ಬೂಷ್ಟು ಇರುವ ಮನೆಗಳಲ್ಲಿ ಕೆಮ್ಮು, ಉಬ್ಬಸ, ಅಸ್ತಮಾ ಹೆಚ್ಚು ಎಂದು ವಿಶ್ವ ಆರೋಗ್ಯ ಸಂಸ್ಥೆ 2009ರ ಮಾರ್ಗಸೂಚಿಯಲ್ಲಿ ತಿಳಿಸಿದೆ. ಬ್ರಿಟನ್ನಿನ ರಾಚ್‌ಡೇಲ್ ಪಟ್ಟಣದಲ್ಲಿ 2020ರಲ್ಲಿ ಎರಡು ವರ್ಷದ ಮಗುವೊಂದು ಅಸುನೀಗಿತು. ಮನೆಯ ಬೂಷ್ಟೇ ಅದಕ್ಕೆ ಕಾರಣವೆಂದು 2022ರಲ್ಲಿ ನಡೆದ ವಿಚಾರಣೆ ನಿರ್ಣಯಿಸಿತು. ಎಳೆಯರು, ವೃದ್ಧರು, ಉಬ್ಬಸದ ರೋಗಿಗಳಿರುವ ಮನೆಗಳಲ್ಲಿ ಹೆಚ್ಚಿನ ಎಚ್ಚರ ಅಗತ್ಯ.

ಶುಚಿಗೊಳಿಸುವ ಕ್ರಮ

* ಬಾಗಿಲು, ಕಿಟಕಿ ತೆರೆದಿಟ್ಟು, ಮಾಸ್ಕ್ ಹಾಗೂ ರಬ್ಬರ್ ಕೈಗವಸು ಧರಿಸಬೇಕು.
* ಒಣ ಬೂಷ್ಟನ್ನು ಹಾಗೆಯೇ ಕೆರೆದರೆ ಬೀಜಾಣುಗಳು ಮನೆಯೆಲ್ಲ ಹರಡುತ್ತವೆ. ಮೊದಲು ಸೋಪಿನ ನೀರಿನಿಂದ ಒದ್ದೆ ಮಾಡಿ, ಬ್ರಷ್‌ನಿಂದ ಉಜ್ಜಿ ತೊಳೆಯಬೇಕು.
* ಟೈಲ್ಸ್ ಮೇಲೆ ಕಲೆ ಉಳಿದರೆ 16 ಲೋಟ ನೀರಿಗೆ ಒಂದು ಲೋಟ ದ್ರವ ಬ್ಲೀಚ್ ಬೆರೆಸಿ ಬಳಸಬಹುದು. ಸುಣ್ಣ, ಪುಟ್ಟಿಯಂಥ ನೀರು ಹೀರುವ ಗೋಡೆಗಳಲ್ಲಿ ಬ್ಲೀಚ್ ಆಳಕ್ಕಿಳಿಯದು. ಅಲ್ಲಿ ಹಾಳಾದ ಪದರವನ್ನು ತೆಗೆದು, ಗೋಡೆ ಪೂರ್ತಿ ಒಣಗಿದ ಮೇಲೆ ಹೊಸದಾಗಿ ಬಳಿಯಬೇಕು.
* ಬ್ಲೀಚಿಗೆ ಶೌಚಾಲಯ ತೊಳೆಯುವ ಆಮ್ಲವನ್ನಾಗಲಿ ವಿನೆಗರ್ ಅನ್ನಾಗಲಿ ಎಂದಿಗೂ ಬೆರೆಸಬಾರದು. ವಿಷಕಾರಿ ಕ್ಲೋರಿನ್ ಅನಿಲ ಹೊಮ್ಮುತ್ತದೆ. ಮುಚ್ಚಿದ ಕೋಣೆಯಲ್ಲಿ ಅದು ಪ್ರಾಣಕ್ಕೇ ಎರವಾದೀತು.
* ಬೂಷ್ಟು ಹತ್ತು ಚದರ ಅಡಿಗಿಂತ ಹೆಚ್ಚು ಹರಡಿದ್ದರೆ ತಜ್ಞರ ನೆರವು ಪಡೆಯುವುದು ಕ್ಷೇಮ.

ತೇವದ ಮೂಲ ಪತ್ತೆ

ಒರೆಸಿ ಒಣಗಿಸಿದ ಗೋಡೆಗೆ ಒಂದಡಿ ಅಗಲದ ಪಾಲಿಥಿನ್ ಹಾಳೆಯನ್ನಿಟ್ಟು ನಾಲ್ಕೂ ಅಂಚುಗಳನ್ನು ಟೇಪಿನಿಂದ ಮುಚ್ಚಿ, ಎರಡು ದಿನ ಬಿಡಬೇಕು. ಹಾಳೆಯ ಹಿಂಬದಿ ಒದ್ದೆಯಾದರೆ ನೀರು ಗೋಡೆಯೊಳಗಿಂದ ಜಿನುಗುತ್ತಿದೆ ಎಂದರ್ಥ. ಕೊಳವೆ ಅಥವಾ ತಾರಸಿಯ ದುರಸ್ತಿ ಆಗಬೇಕು. ಹೊರಬದಿ ಮಾತ್ರ ಒದ್ದೆಯಾದರೆ ಆವಿಯೇ ಕಾರಣ. ಆಗ ಗಾಳಿಯಾಡುವಂತೆ ಮಾಡುವುದೇ ಪರಿಹಾರ.

ಮರಳಿ ಬಾರದಿರಲು

ಕೊನೆಯವರು ಸ್ನಾನ ಮುಗಿಸಿದೊಡನೆ ಗೋಡೆ, ನೆಲದ ನೀರನ್ನು ವೈಪರ್‌ನಿಂದ ಎಳೆಯಬೇಕು. ಎಕ್ಸಾಸ್ಟ್ ಫ್ಯಾನ್ ಅರ್ಧ ಗಂಟೆ ತಿರುಗಲಿ. ಒದ್ದೆ ಬಟ್ಟೆ, ಟವೆಲುಗಳನ್ನು ಒಳಗೆ ಬಿಡದೆ ಬಿಸಿಲಿಗೆ ಹಾಕಬೇಕು. ಮನೆ ಕಟ್ಟಿಸುವವರು ಸ್ನಾನಗೃಹದ ಕಿಟಕಿ ಬಯಲಿಗೆ ತೆರೆಯುವಂತೆ ನಕ್ಷೆಯಲ್ಲೇ ನೋಡಿಕೊಂಡರೆ ಮುಂದಿನ ಎಷ್ಟೋ ಮಳೆಗಾಲಗಳ ಚಿಂತೆ ತಪ್ಪುತ್ತದೆ.