ಪ್ಲೇಟಿಗೆ ಹಿಡಿಸದ ರಾತ್ರಿ

ಅಮಾಸೆಬೈಲಿನ ಕಡೆ ಮದುವೆ ಮನೆಗೆ ಮೈಕ್ ಸೆಟ್ಟಿನವರು ಬಂದರೆ ಮಕ್ಕಳಾದ ನಾವು ಊಟ ಮರೆತು ಗ್ರಾಮಫೋನ್ ಪ್ಲೇಟಿನ ಪೆಟ್ಟಿಗೆಗೆ ಮುತ್ತಿಕೊಳ್ಳುತ್ತಿದ್ದೆವು. ಮುಳ್ಳು ತಾಗಿದೊಡನೆ ಮೊದಲು ಕರಕರ, ಆಮೇಲೆ ಹಾಡು. ಅರಗಿನ ಹಳೇ ಪ್ಲೇಟು ನಿಮಿಷಕ್ಕೆ 78 ಸುತ್ತು ತಿರುಗುತ್ತಿತ್ತು. ಒಂದು ಮಗ್ಗುಲಿಗೆ ಮೂರು-ನಾಲ್ಕು ನಿಮಿಷ, ಅಷ್ಟೇ. 1948ರಲ್ಲಿ ಅಮೆರಿಕದಲ್ಲಿ ಬಂದ ವಿನೈಲ್ ಎಲ್‌ಪಿ ಅದನ್ನು ಇಪ್ಪತ್ತು ನಿಮಿಷ ದಾಟಿಸಿತು. ಬೆಳಗಿನವರೆಗೆ ಆಡುವ ಬಡಗುತಿಟ್ಟಿನ ಯಕ್ಷಗಾನಕ್ಕೆ ಅದೆಲ್ಲಿ ಸಾಕು! ಭಾಗವತ ಕಾಳಿಂಗ ನಾವಡರ ಪದ್ಯ ನಮ್ಮ ಮನೆ ಹೊಕ್ಕಿದ್ದು ಕ್ಯಾಸೆಟ್ಟಿನಿಂದ. 1990ರಲ್ಲಿ ಅವರು ತೀರಿಕೊಂಡ ಮೇಲೂ ಟೇಪು ಓಡುತ್ತಲೇ ಇತ್ತು. ಈಗ ಎಲ್ಲವೂ ಮೊಬೈಲಿನಲ್ಲಿದೆ. ಆದರೂ ಪ್ಲೇಟಿನ ಧೂಳು ಒರೆಸಿ, ಮಗ್ಗುಲು ತಿರುಗಿಸಿ ಕೇಳುವವನು ನಡುವೆ ಹಾಡು ಬದಲಿಸುವುದಿಲ್ಲ. ಅಟ್ಟದಲ್ಲಿ ಪ್ಲೇಟುಗಳಿದ್ದರೆ ಗುಜರಿಗೆ ಹಾಕಬೇಡಿ. ಅರಗಿನದು ಬಿದ್ದರೆ ಒಡೆಯುತ್ತದೆ, ವಿನೈಲ್ ಬಿಸಿಲಿಗೆ ಬಾಗುತ್ತದೆ. ನೆರಳಲ್ಲಿ ನೆಟ್ಟಗೆ ನಿಲ್ಲಿಸಿಡಿ.